ಮೂರು ಕಾಲಿನ ಲೆಕ್ಕ

ಅಕ್ಕನಿಗೆ ಅನುಮಾನ ಶುರುವಾದದ್ದು ತಂಗಿ ಸರಿಯುತ್ತರ ಕೊಡತೊಡಗಿದ ಮೇಲೆ.

ತಪ್ಪು ಹೇಳುತ್ತಿದ್ದಷ್ಟು ದಿನ ಅವಳಿಗೆ ಯಾವ ತಕರಾರೂ ಇರಲಿಲ್ಲ. ತರಬೇತಿ ಕೇಂದ್ರದ ಹಜಾರದ ಬೆಂಚಿನಲ್ಲಿ ಪಾಠದ ಕೋಣೆಯ ಕಿಟಕಿಗೆ ಒರಗಿ ಕೂತು, ಯಾರದೋ ಕೋಟಿನ ತೋಳನ್ನು ತೊಡೆಯ ಮೇಲೆ ಹರವಿಕೊಂಡು ಕೈಹೊಲಿಗೆ ಹಾಕುತ್ತ, ಒಳಗಿನ ಪಾಠಕ್ಕೆ ಒಂದು ಕಿವಿ ಕೊಟ್ಟಿರುತ್ತಿದ್ದಳು. ಅಮ್ಮನದು ಹೊಲಿಗೆ ಅಂಗಡಿ. ಕೆಲಸ ಎಲ್ಲಿಗಾದರೂ ಜೊತೆಗೆ ಬರುತ್ತಿತ್ತು. ತಂಗಿಯೂ ಹಾಗೆಯೇ, ಅವಳ ಮೊಣಕೈ ಹಿಡಿದು ಎಲ್ಲಿಗಾದರೂ ಜೊತೆಗೆ ಬರುತ್ತಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಆ ಹುಡುಗಿಯನ್ನು ಮನೆಯಲ್ಲಿ ಇರುವೆ ಅಂತಲೇ ಕರೆಯುತ್ತಿದ್ದರು. ಅವಳ ಬೆರಳುಗಳು ಸುಮ್ಮನಿದ್ದದ್ದೇ ಇಲ್ಲ. ಗೋಡೆ, ಮೇಜು, ಗುಂಡಿಯ ಡಬ್ಬ, ಮಲಗಿದವರ ಮೂಗು, ಎಲ್ಲದರ ಮೇಲೂ ಹರಿದಾಡಿ ಬರುತ್ತಿದ್ದವು.

ಆ ಕೇಂದ್ರಕ್ಕೆ ಕಲಿಯಲು ಬರುತ್ತಿದ್ದವರು ಮಕ್ಕಳಲ್ಲ, ಟೀಚರುಗಳು. ಕಣ್ಣು ಕಾಣದ, ಕಿವಿ ಕೇಳದ, ನಿಧಾನವಾಗಿ ಗ್ರಹಿಸುವ ಮಕ್ಕಳಿಗೆ ಲೆಕ್ಕ ಹೇಗೆ ಹೇಳಿಕೊಡಬೇಕು ಅನ್ನುವುದೇ ಅಲ್ಲಿನ ಪಾಠ. ಅಭ್ಯಾಸಕ್ಕೆ ಬೇಕಲ್ಲ ಅಂತ ಊರಿನ ಅಂಥ ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದರು. ಕ್ಷೌರ ಕಲಿಯುವವರಿಗೆ ಒಂದು ತಲೆ ಬೇಕಾದ ಹಾಗೆ, ಅಂದುಕೊಂಡಿದ್ದಳು ಅಕ್ಕ ಮೊದಲ ದಿನವೇ. ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಬಾಯಿಬಿಟ್ಟು ಹೇಳುತ್ತಿದ್ದದ್ದೇ ಕಡಿಮೆ. ನೋಡುತ್ತಿದ್ದದ್ದು ಮಾತ್ರ ಹೆಚ್ಚು.

ಅಲ್ಲಿನ ಪಾಠವೆಲ್ಲ ನಡೆಸುತ್ತಿದ್ದವರು ದೊಡ್ಡ ಮೇಡಂ. ಮೊದಲ ವಾರವೇ ಅವರು ಟೀಚರುಗಳ ಕಣ್ಣಿಗೆಲ್ಲ ಬಟ್ಟೆ ಕಟ್ಟಿ ಬಾಯಲ್ಲಿ ಲೆಕ್ಕ ಹೇಳಿದ್ದರು. ಒಬ್ಬರಿಗೂ ಅದು ಬಗೆಹರಿಯಲಿಲ್ಲ. ದಪ್ಪನೆಯ ಮೇಷ್ಟ್ರೊಬ್ಬರು ಬೆವತುಹೋಗಿ ಎದ್ದು, ದೊಡ್ಡ ಮೇಡಂ ಅಂದುಕೊಂಡು ಬೀರುವಿನ ಮುಂದೆ ನಿಂತು, "ಕ್ಷಮಿಸಿ ಮೇಡಂ, ಇನ್ನೊಂದು ಸಲ ಹೇಳಿ" ಅಂದಿದ್ದರು.

"ಈಗ ಗೊತ್ತಾಯ್ತಾ?" ಅಂದಿದ್ದರು ದೊಡ್ಡ ಮೇಡಂ. "ಬೋರ್ಡಿನ ಮುಂದೆ ನಿಂತು 'ಇದರಿಂದ ಇದನ್ನ ಕಳೆದ್ರೆ ಇದು' ಅಂತೀರಲ್ಲ, ಆ ಮಗುವಿಗೆ ಸಿಕ್ಕಿದ್ದೇನು? ಮೂರು 'ಇದು'. ಮೂರು 'ಇದು' ಗಂಟು ಕಟ್ಕೊಂಡು ಮನೆಗೆ ಹೋಗುತ್ತೆ ಪಾಪದ್ದು. ಇವತ್ತಿಂದ ಈ ಕೋಣೆಯಲ್ಲಿ 'ಇದು' ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು."

ಎಲ್ಲರಿಗೂ ಹೇಗೋ ಅಭ್ಯಾಸವಾಯಿತು. ಇರುವೆಗೆ ಪಾಠ ಹೇಳಲು ಬಂದ ಸಣ್ಣ ಟೀಚರಿಗೆ ಮಾತ್ರ ಆಗಲಿಲ್ಲ. ಕಡ್ಡಿಯಂಥ ಮೈ, ಕೈಯಲ್ಲಿ ಸದಾ ಏನಾದರೊಂದು ಬೇಕು, ಬಾಯಿ ತೆರೆದರೆ 'ಇದು'. ಪ್ರತಿ ಸಲವೂ ಇರುವೆ ಅಂಗೈಯಿಂದ ಮೇಜಿನ ಮೇಲೆ ಬಡಿದು, "ಯಾವುದು ಮೇಡಂ?" ಅನ್ನುತ್ತಿದ್ದಳು. ಸಣ್ಣ ಟೀಚರು ನಾಲಗೆ ಕಚ್ಚಿಕೊಂಡು, "ಅಯ್ಯೋ, ಇದು... ಅಂದ್ರೆ..." ಅನ್ನುತ್ತಿದ್ದರು. ಮತ್ತೆ ಅಂಗೈ ಬೀಳುತ್ತಿತ್ತು, "ಯಾವುದು?" ಕೊನೆಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಹೀಗಾಗಿ ಆಕೆಗೆ ಇದು ಮೇಡಂ ಅಂತಲೇ ಹೆಸರು ನಿಂತಿತು.

ಆಗೆಲ್ಲ ಅಕ್ಕ ಬಗ್ಗಿಸಿದ ತಲೆಯಲ್ಲೇ ನಕ್ಕಿದ್ದಳು. ಬರದವರು ಬರುವುದಿಲ್ಲ ಅಂತ ತೋರಿಸಿಕೊಂಡರೆ ಅವಳಿಗೆ ಭಯವಿರಲಿಲ್ಲ.

ಆಮೇಲೆ ಒಂದು ದಿನ 'ಯಾವುದು' ನಿಂತುಹೋಯಿತು. ಅಂಗೈಯ ಸದ್ದೂ ಇಲ್ಲ, ನಗುವೂ ಇಲ್ಲ. ಅದರ ಬದಲು ಟಕ್, ಟಕ್ ಅಂತ ಸಣ್ಣ ಸದ್ದು. ಅದರ ಹಿಂದೆಯೇ ಇರುವೆಯ ಉತ್ತರ. ಟಕ್ ಟಕ್ ಟಕ್, ಮತ್ತೊಂದು ಉತ್ತರ. ಭಿನ್ನರಾಶಿ ಅಂದರೆ ಮುಖ ಊದಿಸುತ್ತಿದ್ದ ಹುಡುಗಿ ಈಗ ಹುರಿಗಡಲೆ ಜಗಿದ ಹಾಗೆ ಪಟಪಟನೆ ಹೇಳುತ್ತಿದ್ದಳು.

ಅಕ್ಕ ತಲೆಯೆತ್ತಿ ನೋಡಿದಳು. ಇದು ಮೇಡಂ ಕೈಯಲ್ಲಿ ಒಂದು ಪೆನ್ಸಿಲ್. ಅದರ ಹಿಂಬದಿಯಿಂದ ಮೇಜಿಗೆ ಕುಟ್ಟುತ್ತಿದ್ದರು. ಅಕ್ಕ ಕಣ್ಣು ಕಿರಿದು ಮಾಡಿದಳು. ಪೆನ್ಸಿಲಿಗೆ ಮೊನೆಯೇ ಇರಲಿಲ್ಲ. ಬರೆಯಲು ಬಾರದ ಪೆನ್ಸಿಲ್ ಹಿಡಿದುಕೊಂಡು ಟೀಚರಿಗೆ ಏನು ಕೆಲಸ?

ಸೂಜಿ ಬೆರಳಿಗೆ ಚುಚ್ಚಿತು.

ಅವಳ ಅನುಮಾನಕ್ಕೆ ಬುಡವಿಲ್ಲದೆ ಇರಲಿಲ್ಲ. ಹಿಂದಿನ ಶಾಲೆಯಲ್ಲಿ ಒಬ್ಬ ಟೀಚರು ಇರುವೆಯನ್ನು ವೇದಿಕೆ ಹತ್ತಿಸಿದ್ದರು. ಸಭಿಕರು ಕೇಳಿದ ಗುಣಾಕಾರಕ್ಕೆಲ್ಲ ಮಗು ಉತ್ತರ ಕೊಟ್ಟಿತ್ತು. ಚಪ್ಪಾಳೆಯೋ ಚಪ್ಪಾಳೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಆ ಟೀಚರಿಗೆ ಪ್ರಶಸ್ತಿಯೂ ಸಿಕ್ಕಿತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅಕ್ಕ ಮಾತ್ರ, ತಂಗಿಯ ಹೆಗಲ ಮೇಲಿದ್ದ ಆ ಟೀಚರ ಬೆರಳುಗಳು ಉತ್ತರವನ್ನು ಎಣಿಸಿ ಒತ್ತುತ್ತಿದ್ದುದನ್ನು ನೋಡಿದ್ದಳು. ನೋಡಿ, ಸುಮ್ಮನಿದ್ದಳು. ಮರುವರ್ಷ ಬೇರೆ ಟೀಚರು ಬಂದರು, ಹೆಗಲ ಮೇಲೆ ಬೆರಳಿರಲಿಲ್ಲ. "ಈ ಮಗುವಿಗೆ ಏನೂ ಬರಲ್ಲವಲ್ಲಮ್ಮ" ಅಂತ ಅಮ್ಮನನ್ನು ಕರೆಸಿ ಹೇಳಿದರು.

ಇರುವೆ ಆಗ ಅತ್ತದ್ದು ಅಕ್ಕನಿಗೆ ಇನ್ನೂ ಕಿವಿಯಲ್ಲಿತ್ತು.

ಈ ಸಲ ಹಾಗಾಗಲು ಬಿಡುವಂತಿರಲಿಲ್ಲ. ಬರುವ ವರ್ಷ ಇರುವೆ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ಕಣ್ಣು ಕಾಣದ ಮಕ್ಕಳಿಗೆ ಲೆಕ್ಕದಿಂದ ವಿನಾಯಿತಿ ಕೊಟ್ಟು, ಅದರ ಬದಲು ಹಾಡು ಕಲಿಸುವ ಕೋಣೆಗೆ ಕಳಿಸಿಬಿಡುತ್ತಿದ್ದರು. ಒಮ್ಮೆ ಆ ಕೋಣೆಗೆ ಹೋದವರು ತಿರುಗಿ ಲೆಕ್ಕಕ್ಕೆ ಬಂದದ್ದಿಲ್ಲ, ಮುಂದೆ ಲೆಕ್ಕ ಬೇಕಾದ ಯಾವ ಓದಿಗೂ ಅವರಿಗೆ ಬಾಗಿಲಿಲ್ಲ. ಇರುವೆಯ ಮಾದರಿ ಪಾಠ ನೋಡಲು ಪರೀಕ್ಷಕರು ಬರುವವರಿದ್ದರು. ಇದು ಮೇಡಂ ಪಾಸೋ ಫೇಲೋ, ಇರುವೆ ಲೆಕ್ಕದ ತರಗತಿಗೋ ಹಾಡಿನ ಕೋಣೆಗೋ, ಎರಡನ್ನೂ ಅವರೇ ತೀರ್ಮಾನಿಸುತ್ತಿದ್ದರು.

"ನನಗೆ ಲೆಕ್ಕಾನೇ ಬೇಕು ಅಕ್ಕ" ಅನ್ನುತ್ತಿದ್ದಳು ಇರುವೆ. "ಲೆಕ್ಕದಲ್ಲಿ ಯಾರೂ ಅಯ್ಯೋ ಪಾಪ ಅನ್ನಲ್ಲ. ತಪ್ಪಾದ್ರೆ ತಪ್ಪು ಅಂತಾರೆ. ಹಾಡಿದ್ರೆ ನೋಡು, ಕತ್ತೆ ಥರ ಕಿರುಚಿದ್ರೂ ಎಷ್ಟು ಚೆನ್ನಾಗಿ ಹಾಡ್ತು ಮಗು ಅಂತಾರೆ."

ಅದಕ್ಕೇ ಅಕ್ಕನಿಗೆ ದಿಗಿಲು. ಇದು ಮೇಡಂ ಪೆನ್ಸಿಲ್ ಕುಟ್ಟಿ ಪಾಸಾಗಿ ಹೊರಟುಹೋಗುತ್ತಾರೆ. ದೊಡ್ಡ ಶಾಲೆಯ ಬೆಂಚಿನ ಮೇಲೆ ಇರುವೆ ಟಕ್ ಅನ್ನುವ ಸದ್ದಿಗೆ ಕಾಯುತ್ತ ಒಬ್ಬಳೇ ಕೂತಿರುತ್ತಾಳೆ.

ಅಕ್ಕ ಸದ್ದುಗಳನ್ನು ಎಣಿಸತೊಡಗಿದಳು. ಸದ್ದಿಗೂ ಉತ್ತರಕ್ಕೂ ತಾಳೆಯಾಗಲಿಲ್ಲ. ತಾಳೆಯಾಗದಿದ್ದರೆ ಅನುಮಾನ ಹೋಗಬೇಕಿತ್ತು. ಅಕ್ಕನ ಅನುಮಾನ ಆ ಜಾತಿಯದಲ್ಲ. ಓಹೋ, ಇದು ಸುಲಭದ ಸಂಕೇತವಲ್ಲ, ಇನ್ನೂ ಪಕ್ಕಾ ಮಾಡಿಕೊಂಡಿದ್ದಾರೆ ಅಂದುಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಕೇಳಿಯೇ ಬಿಟ್ಟಳು. "ಅದೇನೇ ಪೆನ್ಸಿಲ್ ಸದ್ದು?"

ಇರುವೆ ಮೊಣಕೈ ಹಿಡಿದು ಕುಣಿಯುತ್ತ ನಡೆಯುತ್ತಿದ್ದಳು. "ಅದು ನಮ್ಮಿಬ್ಬರ ಗುಟ್ಟು."

"ಏನು ಗುಟ್ಟು?"

"ನಿನಗೆ ತಿಳಿಯಲ್ಲ ಬಿಡಕ್ಕ. ನೀನು ಕಣ್ಣಿರೋಳು."

ತಮಾಷೆಗೆ ಅಂದ ಮಾತು. ಅಕ್ಕನಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಇಷ್ಟು ವರ್ಷ ತನ್ನ ಮೊಣಕೈ ಹಿಡಿದು ನಡೆದವಳು, ತನಗೇ ತಿಳಿಯದ ಗುಟ್ಟು ಇಟ್ಟುಕೊಂಡಿದ್ದಾಳೆ.

ಮುಂದಿನ ಪಾಠದ ದಿನ ಇನ್ನೊಂದು ಸಂಗತಿ ನಡೆಯಿತು. ನೀರು ಕುಡಿದು ಬರುವಾಗ, ಅರ್ಧ ಮುಚ್ಚಿದ ಬಾಗಿಲಾಚೆ ಇದು ಮೇಡಂ ದನಿ ಕೇಳಿಸಿತು. "...ಅವಳ ಅಕ್ಕ ಇದ್ದಾಳಲ್ಲ ಮೇಡಂ, ಕಿಟಕಿ ಹತ್ತಿರ. ನನ್ನ ಕೈಯನ್ನೇ ನೋಡ್ತಾ ಇರ್ತಾಳೆ. ನನಗೆ ಆಗಲ್ಲ."

"ಪರದೆ ಎಳ್ಕೊಳ್ಳಿ" ಅಂದರು ದೊಡ್ಡ ಮೇಡಂ.

ಅಕ್ಕ ಬೆಂಚಿಗೆ ಬಂದು ಕೂರುವಷ್ಟರಲ್ಲಿ ಪರದೆ ಬಿದ್ದಿತ್ತು. ಒಳಗೆ ಟಕ್ ಟಕ್ ಶುರುವಾಗಿತ್ತು. ಹಾಗಾದರೆ ದೊಡ್ಡ ಮೇಡಂ ಕೂಡ ಸೇರಿದ್ದಾರೆ! ಕದಿಯದವರಿಗೆ ಪರದೆ ಯಾಕೆ ಬೇಕು?

ಅವತ್ತು ಸಂಜೆ ಅಂಗಡಿಯಲ್ಲಿ ಅವಳು ತಂಗಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಲ್ಲಿಸಿಕೊಂಡಳು. ಅಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಮಿಷನ್ ತುಳಿಯುತ್ತಿದ್ದಳು.

"ಲೆಕ್ಕ ಕೇಳ್ತೀನಿ, ಹೇಳು. ಮೂರು ಕಾಲು, ಅದಕ್ಕೆ ಎರಡು ಕಾಲು ಸೇರಿಸಿದ್ರೆ ಎಷ್ಟು?"

ಇರುವೆ ತಲೆ ಓರೆ ಮಾಡಿದಳು. "ಯಾವ ಮೂರು ಕಾಲು?"

"ಯಾವ ಅಂದ್ರೆ?"

"ಸ್ಟೂಲಿಗೂ ಮೂರು ಕಾಲೇ" ಅಂತ ಕಿಸಕ್ಕನೆ ನಕ್ಕಳು ಇರುವೆ. "ಯಾವುದು ಅಂತ ಹೇಳು, ಆಮೇಲೆ ಹೇಳ್ತೀನಿ."

ಅಕ್ಕನಿಗೆ ರೇಗಿತು. ಸುಳಿವಿಗೆ ಕಾಯುತ್ತಿದ್ದಾಳೆ, ಕಾಲ ತಳ್ಳುತ್ತಿದ್ದಾಳೆ. "ಅತಿಯಾಡಬೇಡ. ಉತ್ತರ ಹೇಳು."

ಇರುವೆಯ ಬೆರಳುಗಳು ಮೇಜಿನ ಮೇಲೆ ಹರಿದಾಡಿದವು. "ಒಂದೂಕಾಲು" ಅಂದಳು.

"ನೋಡಿದ್ಯಾ! ನೋಡಿದ್ಯಾಮ್ಮ!" ಅಕ್ಕನ ದನಿ ಅವಳಿಗೇ ಗೊತ್ತಿಲ್ಲದೆ ಮೇಲೇರಿತು. "ಮೂರು ಮೀಟರ್ ಮೇಲೆ ಬಟ್ಟೆ ಇದೆ, ಅದಕ್ಕೆ ಇನ್ನೂ ಎರಡು ಮೀಟರ್ ಮೇಲೆ ಸೇರಿಸಿದ್ರೆ ಒಂದೂಕಾಲು ಆಗುತ್ತಾ? ಅಳತೆ ಟೇಪು ಕುಗ್ಗಿಬಿಡುತ್ತಾ? ಐದೂವರೆ ಕಣೇ, ಐದೂವರೆ! ಆ ಪೆನ್ಸಿಲ್ ಇಲ್ದಿದ್ರೆ ನಿನಗೆ ಏನೂ ಬರಲ್ಲ!"

"ನಾನು ಕೇಳಿದ್ನಲ್ಲ, ಯಾವುದು ಅಂತ..."

"ಕೇಳೋದೇನು ಅದರಲ್ಲಿ? ಬರೋರು ಹೇಳ್ತಾರೆ, ಬರದೋರು ಕೇಳ್ತಾರೆ. ಪರೀಕ್ಷಕರ ಮುಂದೆ ಹೀಗೆ ಯಾವುದು ಯಾವುದು ಅಂತ ನಿಂತ್ಕೋ, ನೇರ ಹಾಡಿನ ಕೋಣೆಗೆ ಕಳಿಸ್ತಾರೆ."

ಇರುವೆ ಎಂದೂ ಸುಮ್ಮನಿರದ ಬೆರಳುಗಳನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ಒಳಗೆ ಹೋದಳು.

ಅಮ್ಮ ಮಿಷನ್ ನಿಲ್ಲಿಸಿದಳು. "ಏನಾಗಿದೆ ನಿನಗೆ? ಪಾಠ ಹೇಳೋರು ಅವರು, ಕೇಳೋಳು ಇವಳು. ನಡುವೆ ನಿನ್ನದೇನು ಪೋಲೀಸ್ ಕೆಲಸ?"

ಅಕ್ಕ ಚೂರುಬಟ್ಟೆಗಳ ಬುಟ್ಟಿಯಿಂದ ದಪ್ಪನೆಯ ಕೋಟಿನ ಬಟ್ಟೆ ಎಳೆದು ಅಗಲ ನೋಡುತ್ತಿದ್ದಳು. ದೂರು ಕೊಡೋಣವೆಂದರೆ ಯಾರಿಗೆ? ದೊಡ್ಡ ಮೇಡಂ ಆ ಟೀಚರ ಕಡೆ. ಪರೀಕ್ಷಕರ ಮುಂದೆ ನಿಂತು ಮಾತಾಡುವುದನ್ನು ನೆನೆದರೇ ಅವಳ ನಾಲಗೆ ಒಣಗುತ್ತಿತ್ತು. ಆದರೆ ಮೇಜಿಗೊಂದು ಹೊದಿಕೆ ಹೊಲಿಯಲು ಬಾಯಿ ಬೇಕಿಲ್ಲ. ಕೋಟಿನ ಬಟ್ಟೆ ಎರಡು ಪದರ, ನಡುವೆ ಹತ್ತಿ, ಮೇಲೆ ಅಚ್ಚುಕಟ್ಟಾದ ಚೌಕಳಿ ಹೊಲಿಗೆ. ಅದರ ಮೇಲೆ ಸುತ್ತಿಗೆ ಬಿದ್ದರೂ ಸದ್ದು ಬರುವಂತಿರಲಿಲ್ಲ. ಟಕ್ ಅನ್ನುವುದು ಒಮ್ಮೆ ನಿಲ್ಲಲಿ, ಇರುವೆಗೆ ಎಷ್ಟು ಬರುತ್ತದೆ ಅನ್ನುವುದು ಬಯಲಾಗಲಿ. ಈಗಲೇ ಬಯಲಾದರೆ ಒಂದು ನೋವು. ದೊಡ್ಡ ಶಾಲೆಗೆ ಸೇರಿದ ಮೇಲೆ ಬಯಲಾದರೆ ದಿನಾ ನೋವು.

ಮಾದರಿ ಪಾಠದ ದಿನ ಅವಳು ಎಲ್ಲರಿಗಿಂತ ಮೊದಲು ಹೋಗಿ, ಆ ಹೊದಿಕೆಯನ್ನು ಮೇಜಿನ ಮೇಲೆ ಹಾಸಿ, ಮೂಲೆಗಳನ್ನು ಮೇಜಿನ ಕಾಲುಗಳಿಗೆ ಲಾಡಿಯಿಂದ ಬಿಗಿದಳು. ಇದು ಮೇಡಂ ಒಳಗೆ ಬಂದರು.

"ಸಾಹೇಬ್ರು ಬರ್ತಾರಲ್ಲ" ಅಂದಳು ಅಕ್ಕ ನೆಲ ನೋಡುತ್ತ. "ಮೇಜು ಲಕ್ಷಣವಾಗಿ ಕಾಣಲಿ ಅಂತ."

ಇದು ಮೇಡಂ ಹೊದಿಕೆಯ ಮೇಲೆ ಕೈಯಾಡಿಸಿದರು. ಬೆರಳಿನಿಂದ ಒಮ್ಮೆ ಕುಟ್ಟಿದರು. ಮುಖದ ಬಣ್ಣ ಇಳಿಯಿತು. ಸಿಕ್ಕಿಬಿದ್ದರು ಅಂದುಕೊಂಡಳು ಅಕ್ಕ.

"ನೀವೇ ಹೊಲಿದ್ರಾ?"

"ಹ್ಞೂಂ."

"ನಮಗೋಸ್ಕರ?" ಇದು ಮೇಡಂ ಏನೋ ಹೇಳಲು ಬಾಯಿ ತೆರೆದರು, ಹೊಲಿಗೆಯನ್ನು ನೋಡಿದರು, ಅಕ್ಕನ ಮುಖ ನೋಡಿದರು, ಬಾಯಿ ಮುಚ್ಚಿದರು. ಇಷ್ಟು ದಿನದಲ್ಲಿ ಒಂದು ಮಾತೂ ಆಡದವಳು ಕೈಯಾರೆ ಹೊಲಿದು ತಂದದ್ದು. ತೆಗೆಯಿರಿ ಅನ್ನಲು ಆಕೆಗೆ ಬಾಯಿ ಬರಲಿಲ್ಲ. "ತುಂಬಾ ಚೆನ್ನಾಗಿದೆ" ಅಂದರು.

ಪರೀಕ್ಷಕರು ಬಂದರು. ಬೋಳುತಲೆ, ಸಣ್ಣ ದನಿ, ಜೇಬಿನಲ್ಲಿ ಪೆನ್ನುಗಳ ಸಾಲು. ಬೆಳಕು ಸಾಲದು ಅಂತ ಪರದೆ ಸರಿಸಲು ಹೇಳಿದರು. ಹಾಗಾಗಿ ಹಜಾರದ ಬೆಂಚಿನಿಂದ ಅಕ್ಕನಿಗೆ ಎಲ್ಲವೂ ಕಾಣುವಂತಾಯಿತು. ಗೋಡೆಗೆ ಸಾಲಾಗಿ ಮಿಕ್ಕ ಟೀಚರುಗಳು. ಬೀರುವಿನ ಪಕ್ಕ ದೊಡ್ಡ ಮೇಡಂ. ಮೇಜಿನ ಒಂದು ಬದಿ ಇದು ಮೇಡಂ, ಇನ್ನೊಂದು ಬದಿ ಇರುವೆ, ಬಿಗಿಯಾಗಿ ಹೆಣೆದ ಎರಡು ಜಡೆ.

ಮೊದಲು ಗುಣಾಕಾರ. ಇರುವೆ ಮಣಿಚೌಕಟ್ಟಿನ ಮೇಲೆ ಬೆರಳು ಓಡಿಸಿ ಹೇಳಿದಳು. ಸರಿ. ಆಮೇಲೆ ಭಾಗಾಕಾರ. ಸರಿ. ಇದು ಮೇಡಂ ಒಮ್ಮೆಯೂ ಪೆನ್ಸಿಲ್ ಎತ್ತಲಿಲ್ಲ.

ಅಕ್ಕನ ಸೂಜಿ ನಿಂತಿತು. ಇದೇನಿದು? ಕುಟ್ಟದೆಯೂ ಹೇಳುತ್ತಿದ್ದಾಳೆ.

"ಬಾಯಲ್ಲೇ ಭಿನ್ನರಾಶಿ ನೋಡೋಣ" ಅಂದರು ಪರೀಕ್ಷಕರು. "ಮೂರು ಕಾಲು, ಅದಕ್ಕೆ ಎರಡು ಕಾಲು ಸೇರಿಸಿದರೆ ಎಷ್ಟಮ್ಮ?"

ಇದು ಮೇಡಂ ಪೆನ್ಸಿಲ್ ಎತ್ತಿ ಕುಟ್ಟಿದರು. ಹತ್ತಿಯ ಮೇಲೆ ಅದು ಕುಟ್ಟಿದವರಿಗೇ ಗೊತ್ತಾಗದ ಹಾಗೆ ಬಿತ್ತು. ಇರುವೆ ತಲೆ ಓರೆ ಮಾಡಿದಳು. ಅವಳ ಅಂಗೈಗಳು ಹೊದಿಕೆಯ ಮೇಲೆ, ಕಳೆದುಹೋದ ಮೇಜನ್ನು ಹುಡುಕುವಂತೆ ಆಚೀಚೆ ಸರಿದವು.

"ಇದು..." ಅಂದುಬಿಟ್ಟರು ಇದು ಮೇಡಂ. ದೊಡ್ಡ ಮೇಡಂ ಕಣ್ಣು ಮುಚ್ಚಿಕೊಂಡರು.

"ತಾವು ಸುಮ್ಮನಿರಿ" ಅಂದರು ಪರೀಕ್ಷಕರು. "ಮಗು ಹೇಳಲಿ."

ಇರುವೆ ಅಂಗೈಯನ್ನು ಮೇಲೆತ್ತಿದಳು, ಮೇಜಿಗೆ ಬಡಿಯುವವಳಂತೆ. ತುಟಿಯ ಮೇಲೆ ಒಂದು 'ಯಾ' ಬಂದು ನಿಂತದ್ದು ಅಕ್ಕನಿಗೆ ಕಂಡಿತು. ಆಮೇಲೆ ಕೈ ನಿಧಾನವಾಗಿ ಕೆಳಗಿಳಿಯಿತು.

"ಐದೂವರೆ" ಅಂದಳು ಇರುವೆ.

ಗೋಡೆಯ ಪಕ್ಕದ ಟೀಚರುಗಳು ಉಸಿರು ಬಿಟ್ಟರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. "ಪಾಪ" ಅಂದರು. "ಎಣಿಕೆಯೇನೋ ಬರುತ್ತೆ. ಇದಕ್ಕಿಂತ ಮುಂದೆ ಇಂಥ ಮಕ್ಕಳಿಗೆ ಕಷ್ಟವೇ. ವಿನಾಯಿತಿ ಕೊಟ್ಟರೆ ಮಗುವಿಗೂ ಹಗುರ. ಹಾಡು ಬರುತ್ತೇನಮ್ಮ?"

"ಇಲ್ಲ ಸರ್" ಅಂದಳು ಇರುವೆ ಸಣ್ಣಗೆ. "ನಾನು ಹಾಡಿದ್ರೆ ಪಕ್ಕದ ಮನೆಯವರು ಕಿಟಕಿ ಹಾಕ್ಕೋತಾರೆ."

ಯಾರೂ ನಗಲಿಲ್ಲ.

ಐದೂವರೆ. ಅಕ್ಕ ಆ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಂಡಳು. ಅದು ಇರುವೆಯ ಉತ್ತರವಲ್ಲ. ಅಂಗಡಿಯಲ್ಲಿ ತಾನೇ ಕೂಗಿ ಕೂಗಿ ತುರುಕಿದ ಉತ್ತರ. ಹಾಗಾದರೆ ಈ ಪರೀಕ್ಷಕರ ಪ್ರಕಾರ ಅದು ಹೇಗೆ ತಪ್ಪು? ಇವಳು ಒಂದೂಕಾಲು ಅಂದಿದ್ದಳಲ್ಲ. ಕಾಲು, ಕಾಲು, ಕಾಲು, ಮೂರು ಕಾಲು ತುಂಡು. ಅದಕ್ಕೆ ಇನ್ನೂ ಎರಡು ಕಾಲು ತುಂಡು. ಐದು ತುಂಡಾದರೆ ಒಂದು ಪೂರ್ತಿ, ಮೇಲೊಂದು ಕಾಲು. ಒಂದೂಕಾಲು! ಇವರು ಕೇಳಿದ್ದು ತುಂಡುಗಳನ್ನು. ತಾನು ಕೇಳಿದ್ದು ಬಟ್ಟೆಯ ಅಳತೆ, ಮೂರರ ಮೇಲೆ ಇನ್ನೊಂದು ಕಾಲು. ಬಾಯಲ್ಲಿ ಎರಡೂ ಒಂದೇ. ಬೋರ್ಡಿನ ಮೇಲೆ ಬರೆದರೆ ಕಣ್ಣಿರುವವರಿಗೆ ಬೇರೆ ಬೇರೆ ಕಾಣುತ್ತದೆ. ಕೇಳುವವಳಿಗೆ ಯಾವುದು ಯಾವುದು ಅಂತ ಹೇಗೆ ತಿಳಿಯಬೇಕು? ಅವಳು ಕೇಳಿಯೇ ಕೇಳಿದ್ದಳು, ಯಾವ ಮೂರು ಕಾಲು ಅಂತ. ಕೇಳಿದ್ದಕ್ಕೆ ತಾನೇ ಬೈದಿದ್ದು.

ಪರೀಕ್ಷಕರ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅಕ್ಕ ಕೋಣೆಯ ಒಳಗಿದ್ದಳು. ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಕೋಟಿನ ತೋಳು ಇನ್ನೂ ಕೈಯಲ್ಲೇ ನೇತಾಡುತ್ತಿತ್ತು.

"ಬರೀಬೇಡಿ ಸರ್. ಆ ಉತ್ತರ ನನ್ನದು."

"ಯಾರು ನೀವು?"

"ಅವಳ ಅಕ್ಕ." ನಾಲಗೆ ಒಣಗಿತ್ತು, ಆದರೂ ನಿಲ್ಲಲಿಲ್ಲ. "ಅದು ನನ್ನ ಮೂರು ಕಾಲು. ನೀವು ಕೇಳಿದ್ದು ಬೇರೆ ಮೂರು ಕಾಲು. ಮನೇಲಿ ನಾನು ಬೈದೆ, ಹೆದರಿಸಿದೆ, ಅದನ್ನೇ ಹೇಳಿದಾಳೆ. ಈ ಬಟ್ಟೆನೂ ನಾನೇ ಹಾಸಿದ್ದು. ಸದ್ದು ಕೇಳಬಾರದು ಅಂತ." ಅವಳು ಬಗ್ಗಿ ಲಾಡಿಗಳನ್ನು ಎಳೆದಳು. ತಾನೇ ಹಾಕಿದ ಗಂಟು, ತನಗೇ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಕಿತ್ತಳು. ಹೊದಿಕೆ ಕೆಳಗೆ ಬಿತ್ತು, ಮರದ ಮೇಜು ಬರಿದಾಯಿತು.

ಇದು ಮೇಡಂ ಅವಳನ್ನು ನೋಡುತ್ತ ನಿಂತಿದ್ದರು. ಆ ನೋಟವನ್ನು ಎದುರಿಸಲು ಅಕ್ಕನಿಗೆ ಆಗಲಿಲ್ಲ.

ಆದರೆ ಪರೀಕ್ಷಕರ ಕಣ್ಣು ಈಗ ಕಿರಿದಾಗಿತ್ತು. ಅಕ್ಕನಿಗೆ ಆ ನೋಟದ ಗುರುತು ಚೆನ್ನಾಗಿ ಸಿಕ್ಕಿತು. ಅದು ಅವಳದೇ ನೋಟ. "ಸದ್ದು ಅಂದರೆ? ಮೇಜು ಕುಟ್ಟಿ ಉತ್ತರ ಹೇಳಿಕೊಡ್ತಿದ್ದರಾ?"

"ಉತ್ತರ ಅಲ್ಲ ಸರ್" ಅಂದರು ಇದು ಮೇಡಂ. "ಇದು... ಅಂದ್ರೆ, ಪ್ರಶ್ನೆ. ನನ್ನ ಬಾಯಲ್ಲಿ 'ಇದು' ಬಿಟ್ಟು ಬೇರೆ ಬರಲ್ಲ. ಅದಕ್ಕೆ ಅವಳೇ ಉಪಾಯ ಹೇಳಿದಳು. ಬೆರಳಿಂದ ತೋರಿಸೋ ಬದಲು ಸದ್ದಿಂದ ತೋರಿಸಿ ಅಂತ. ಅವಳ ಎಡಗಡೆ ಕುಟ್ಟಿದ್ರೆ ಪೂರ್ತಿ, ಬಲಗಡೆ ಕುಟ್ಟಿದ್ರೆ ತುಂಡು."

"ಹೀಗೆಂದರೆ ನಾನು ನಂಬಬೇಕು."

"ನಂಬಬೇಡಿ ಸರ್" ಅಂದಳು ಇರುವೆ. ಬರಿಯ ಮರ ಸಿಕ್ಕಿದ್ದೇ ಅವಳ ಬೆರಳುಗಳು ಮತ್ತೆ ಹರಿದಾಡತೊಡಗಿದ್ದವು. "ಮೇಡಂನ ಆಚೆ ಕಳಿಸಿ. ನೀವೇ ಕುಟ್ಟಿ."

ಪರೀಕ್ಷಕರಿಗೆ ಆ ಮಾತು ಹಿಡಿಸಿತು. ಇದು ಮೇಡಂ ಹಜಾರಕ್ಕೆ ಹೋಗಬೇಕಾಯಿತು, ಅಕ್ಕನೂ. ಇಬ್ಬರೂ ಕಿಟಕಿ ಪಕ್ಕದ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ನನ್ನ ಕೈ ಯಾಕೆ ಹಾಗೆ ನೋಡ್ತೀರಿ ಅಂತ ತಲೆ ಕೆಡಿಸ್ಕೊಂಡಿದ್ದೆ" ಅಂದರು ಇದು ಮೇಡಂ. "ನಿಮಗೆ ಹೆದರಿ ಪರದೆ ಎಳ್ಕೊಂಡೆ. ನೀವು ಬಂದು ಒಂದು ಮಾತು ಕೇಳಬಹುದಿತ್ತಲ್ಲ."

"ನೀವೂ ಹೇಳಬಹುದಿತ್ತು."

"ಹೇಳಬಹುದಿತ್ತು."

ಅಷ್ಟರಲ್ಲಿ ಒಳಗೆ ಟಕ್ ಅಂತು. ಪರೀಕ್ಷಕರು ಎದ್ದು ನಿಂತು, ಮೈಯೆಲ್ಲ ಮೇಜಿನ ಮೇಲೆ ಬಾಗಿಸಿ ಪೆನ್ನಿನಿಂದ ಕುಟ್ಟುತ್ತಿದ್ದರು.

"ಸರ್, ನೀವು ನಡುವೆ ಕುಟ್ಟಿದ್ರಿ" ಅಂದಳು ಇರುವೆ. "ಅಲ್ಲಿ ನಮ್ಮಲ್ಲಿ ಏನೂ ಇಲ್ಲ."

ಈ ಸಲ ಗೋಡೆಯ ಪಕ್ಕದವರು ನಕ್ಕರು. ಬೀರುವಿಗೆ ಕ್ಷಮೆ ಕೇಳಿದ್ದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಪರೀಕ್ಷಕರು ಗಂಟಲು ಸರಿಮಾಡಿಕೊಂಡು ಬಲಗಡೆಗೆ ಸರಿದರು. "ತುಂಡೆಲ್ಲ ಕಾಲು ಅಂತ ಇಟ್ಕೋ." ಮೂರು ಸಲ ಕುಟ್ಟಿದರು. ತುಸು ಬಿಟ್ಟು ಎರಡು ಸಲ.

"ಒಂದೂಕಾಲು."

ಅವರು ಇರುವೆಯ ಮುಖವನ್ನೇ ನೋಡಿದರು. ಆಮೇಲೆ ಸದ್ದಾಗದಂತೆ ಬೆಕ್ಕಿನ ಹೆಜ್ಜೆಯಲ್ಲಿ ಎಡಕ್ಕೆ ಹೋಗಿ ಮೂರು ಸಲ ಕುಟ್ಟಿದರು. ಬಲಕ್ಕೆ ಬಂದು ಒಂದು. ಮತ್ತೆ ಎಡಕ್ಕೆ ಎರಡು, ಬಲಕ್ಕೆ ಒಂದು.

"ಐದೂವರೆ" ಅಂದಳು ಇರುವೆ. "ಆಗ ಹೇಳಿದ್ದೂ ಅದೇ ಉತ್ತರ ಸರ್. ಅದರ ಪ್ರಶ್ನೆ ನೀವು ಈಗ ಕೇಳಿದ್ರಿ."

ಪರೀಕ್ಷಕರು ಕುರ್ಚಿಯಲ್ಲಿ ಕೂತು ಹಣೆ ಒರೆಸಿಕೊಂಡರು.

"ಅಲ್ಲಮ್ಮ, ಯಾವ ಮೂರು ಕಾಲು ಅಂತ ಆಗಲೇ ನನ್ನನ್ನೇ ಯಾಕೆ ಕೇಳಲಿಲ್ಲ?"

ಇರುವೆ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಬರದೋರು ಕೇಳ್ತಾರಂತೆ ಸರ್."

ಕಿಟಕಿಯ ಈಚೆ ಅಕ್ಕ ತಲೆ ತಗ್ಗಿಸಿದಳು.

"ದೊಡ್ಡ ಶಾಲೆಯಲ್ಲಿ ಮೇಜು ಕುಟ್ಟೋರು ಯಾರೂ ಇರಲ್ಲ" ಅಂದರು ಪರೀಕ್ಷಕರು. ಅವರ ದನಿಯಲ್ಲಿ ಈಗ ಪಾಪ ಅನ್ನುವುದಿರಲಿಲ್ಲ. "ಬೋರ್ಡಿನ ಕಡೆ ಮುಖ ಮಾಡಿ ಇದು ಅದು ಅನ್ನೋರೇ ಎಲ್ಲ. ಅಲ್ಲಿ ಏನು ಮಾಡ್ತೀಯ?"

ಇರುವೆ ಅಂಗೈ ಎತ್ತಿ ಮೇಜಿನ ಮೇಲೆ ಒಂದೇ ಏಟು ಬಡಿದಳು. ಪರೀಕ್ಷಕರ ಜೇಬಿನ ಪೆನ್ನುಗಳೆಲ್ಲ ಕುಣಿದವು.

"ಯಾವುದು ಅಂತ ಕೇಳ್ತೀನಿ."

ಪರೀಕ್ಷಕರು ಬೆಚ್ಚಿಬಿದ್ದು, ಆಮೇಲೆ ನಕ್ಕು, ಏನೋ ಬರೆಯತೊಡಗಿದರು. ದೊಡ್ಡ ಮೇಡಂ ಕಿಟಕಿಯ ಕಡೆ ನೋಡಿ ಬನ್ನಿ ಅಂತ ಸನ್ನೆ ಮಾಡಿದರು. ಇಬ್ಬರೂ ಒಳಗೆ ಬಂದರು. ಪರೀಕ್ಷಕರು ಬರೆದದ್ದನ್ನು ಮಡಚುತ್ತ, "ಆಯ್ತಮ್ಮ, ಎಲ್ಲ ಒಳ್ಳೇದಾಗುತ್ತೆ" ಅಂದರು.

ಒಳ್ಳೇದಾಗುತ್ತೆ ಅಂದರೆ? ಅಕ್ಕನಿಗೆ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಹಿಂದಿನ ಶಾಲೆಯವರೂ ಇದೇ ಮಾತು ಹೇಳಿದ್ದರು. ಆಗ ಅವಳು ನೋಡಿ ಸುಮ್ಮನಿದ್ದಳು. ಈ ಸಲ ಒಂದು ಹೆಜ್ಜೆ ಮುಂದೆ ಬಂದಳು.

"ಸರ್, ಏನು ಬರೆದಿದ್ದೀರಿ ಅಂತ ಓದಿ ಹೇಳಿ. ಅವಳಿಗೆ ಕೇಳೋ ಹಾಗೆ."

ಪರೀಕ್ಷಕರ ಹುಬ್ಬು ಮೇಲೇರಿತು. ದೊಡ್ಡ ಮೇಡಂ ಅಲುಗಾಡದೆ ನಿಂತಿದ್ದರು. ಕೊನೆಗೆ ಪರೀಕ್ಷಕರು ಕಾಗದ ಬಿಡಿಸಿ ಸಣ್ಣ ದನಿಯಲ್ಲಿ ಓದಿದರು. ವಿನಾಯಿತಿ ಬೇಕಿಲ್ಲ, ವಿದ್ಯಾರ್ಥಿನಿಯನ್ನು ಗಣಿತದ ತರಗತಿಗೇ ಸೇರಿಸತಕ್ಕದ್ದು, ಪ್ರಶ್ನೆ ಕೇಳಲು ಅವಳಿಗೆ ಅವಕಾಶ ಕೊಡತಕ್ಕದ್ದು. ಟೀಚರ ವಿಚಾರದಲ್ಲಿ, ಪಾಸು. ಆದರೆ 'ಇದು' ಅನ್ನುವುದು ಇನ್ನೂ ಹೋಗಿಲ್ಲ.

ಇದು ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಇರುವೆ ಕುರ್ಚಿಯಿಂದ ಎದ್ದಳು. ಅಕ್ಕ ಇದ್ದ ಕಡೆ ಸರಿಯಾಗಿ ತಿರುಗಿದಳು, ಆದರೆ ಮೊಣಕೈಗೆ ಕೈ ಚಾಚಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಕ್ಕ" ಅಂದಳು ಗಂಭೀರವಾಗಿ, "ಅವರು ಓದಿದ್ದನ್ನೇ ಬರೆದಿದ್ದಾರಾ? ನೀನು ಸ್ವಲ್ಪ ನೋಡು."

ಅಕ್ಕ ಬಗ್ಗಿ, ಪರೀಕ್ಷಕರ ಹೆಗಲ ಮೇಲಿಂದ, ಒಂದೊಂದೇ ಅಕ್ಷರ ನೋಡಿದಳು.